ಬಸ್ಸು ನಿಲ್ಲುವ ಕಡೆ

ಬೂಕನಕೆರೆಯಲ್ಲಿ ಕೋಳಿಗಿಂತ ಮೊದಲು ಏಳುವುದು ಹಾಲಿನ ಡೈರಿ. ಆಕಾಶ ಇನ್ನೂ ಮಸಿ ಬಳಿದುಕೊಂಡಿರುವಾಗಲೇ ಸ್ಟೀಲಿನ ಕ್ಯಾನುಗಳು ಒಂದಕ್ಕೊಂದು ತಗುಲಿ ಟಣ್ಣೆನ್ನುತ್ತವೆ. ಸೆರಗನ್ನು ತಲೆ ತುಂಬ ಎಳೆದುಕೊಂಡ ಹೆಂಗಸರು, ಕಿವಿಗೆ ಟವೆಲ್ ಸುತ್ತಿದ ಗಂಡಸರು, ಅಪ್ಪನ ಬದಲು ನಿದ್ದೆಗಣ್ಣಲ್ಲೇ ಬಂದ ಹುಡುಗ, ಎಲ್ಲರೂ ಸಾಲಿನಲ್ಲಿ ನಿಂತು ಫ್ಯಾಟ್ ನೋಡುವ ಯಂತ್ರದ ಕೆಂಪು ಅಂಕಿಯನ್ನೇ ದಿಟ್ಟಿಸುತ್ತಾರೆ. ಚಳಿಗಾಲದ ಬೆಳಗಾದ್ದರಿಂದ ಊರ ಹೊರಗಿನ ಆಲೆಮನೆಯ ಹೊಗೆ ಮೇಲೇಳಲಾರದೆ ಗದ್ದೆ ಬಯಲಲ್ಲೇ ಚಪ್ಪಟೆಯಾಗಿ ಮಲಗಿದೆ. ಕುದಿಯುವ ಕಬ್ಬಿನ ಹಾಲಿನ ವಾಸನೆ, ಸಗಣಿ ವಾಸನೆ, ಹೋಟೆಲಿನ ಮೊದಲ ಎಣ್ಣೆಯ ವಾಸನೆ ಮೂರೂ ಬೆರೆತು ಮೂಗಿಗೆ ಹತ್ತುತ್ತವೆ. ಪಕ್ಕಕ್ಕೆ ಸರಿದು ನಿಂತುಕೊಳ್ಳೋಣ, ಹಾಲಿನ ವ್ಯಾನು ಹಿಂದಕ್ಕೆ ಬರುತ್ತಿದೆ.

ವ್ಯಾನು ಹೋದ ಮೇಲೆ ರಸ್ತೆಬದಿ ತುಂಬತೊಡಗುತ್ತದೆ. ಮೊದಲು ಬರುವವರು ಮೈಸೂರಿನ ಕಾರ್ಖಾನೆಗೆ ಹೋಗುವ ಹುಡುಗರು. ಒದ್ದೆ ತಲೆ ಬಾಚಿ, ಬೆನ್ನಿಗೆ ಚೀಲ ಹಾಕಿ, ಮೊಬೈಲಿನ ಬೆಳಕಲ್ಲಿ ಮುಖ ನೀಲಿಯಾಗಿಸಿಕೊಂಡು ನಿಂತಿರುತ್ತಾರೆ. ಆಮೇಲೆ ಸೊಪ್ಪಿನ ಗಂಟು ಹೊತ್ತ ಅಜ್ಜಿಯರು, ಆಸ್ಪತ್ರೆಯ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಮಡಚಿಟ್ಟುಕೊಂಡ ಗಂಡ ಹೆಂಡತಿ, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು. ಕೊನೆಗೆ, ಬಸ್ಸಿನ ಹೊತ್ತಿಗೆ ಸರಿಯಾಗಿ, ಪಿಯುಸಿ ಮಕ್ಕಳ ಹಿಂಡು. ತಂಗುದಾಣದ ನೆರಳು ಯಾರಿಗೂ ಬೇಕಿಲ್ಲ. ಎಲ್ಲರೂ ಬಸ್ಸಿನ ಬಾಗಿಲು ಎಲ್ಲಿ ಬಂದು ನಿಲ್ಲುತ್ತದೋ ಆ ಜಾಗ ಹಿಡಿದೇ ನಿಲ್ಲುವುದು. ಆ ಜಾಗ ನೆಲದಲ್ಲಿ ಎಲ್ಲೂ ಬರೆದಿಲ್ಲ, ಆದರೆ ಊರಿನ ಪ್ರತಿ ಕಾಲಿಗೂ ಗೊತ್ತು.

ಕೆ.ಆರ್.ಪೇಟೆ ಕಡೆಯಿಂದ ಎರಡು ದೀಪ ಕಂಡವು. "ಬತ್ತಾ ಅದೆ, ಬತ್ತಾ ಅದೆ" ಅಂತ ಯಾರೋ ಅಂದರು. ಆಗಲೇ ಅರ್ಧಕ್ಕರ್ಧ ತುಂಬಿರುವ ಕೆಂಪು ಬಸ್ಸು ಉಸ್ಸೆಂದು ನಿಲ್ಲುತ್ತದೆ. ಒಳಗಿನವರು ಇಳಿಯುವ ಮೊದಲೇ ಕಿಟಕಿಯಿಂದ ಒಂದು ಟವೆಲ್, ಒಂದು ಟಿಫನ್ ಬಾಕ್ಸು, ಒಂದು ಕೆಮಿಸ್ಟ್ರಿ ರೆಕಾರ್ಡು ಸೀಟು ಹಿಡಿದಾಗಿದೆ. ಕಂಡಕ್ಟರು ಫುಟ್‌ಬೋರ್ಡಿನ ಮೇಲೆ ನಿಂತು, "ವಸಿ ಮುಂದಕ್ಕೆ ಹೋಗ್ರವ್ವ, ಮಧ್ಯ ಎಲ್ಲಾ ಖಾಲಿ ಬಿದ್ದದೆ" ಅನ್ನುತ್ತಾರೆ. ಮಧ್ಯ ಖಾಲಿ ಬಿದ್ದಿರುವುದು ಅವರೊಬ್ಬರಿಗೇ ಕಾಣುತ್ತದೆ.

ಹತ್ತಿದ್ದೇವೆ. ಕಂಬಿಗೆ ಒರಗಿ ನಿಲ್ಲಲು ಜಾಗ ಸಿಕ್ಕಿದರೆ ಅದೇ ಪುಣ್ಯ.

ಈ ಬಸ್ಸಿನಲ್ಲಿ ಈಗ ಹೆಂಗಸರೇ ಹೆಚ್ಚು. ಸೆರಗಿನ ಗಂಟಿನಿಂದ, ರವಿಕೆಯ ಸಂದಿಯಿಂದ, ಪರ್ಸಿನಿಂದ ಆಧಾರ್ ಕಾರ್ಡುಗಳು ಹೊರಬರುತ್ತವೆ. ಕೆಲವಕ್ಕೆ ಲ್ಯಾಮಿನೇಷನ್ನು ಬಿಟ್ಟು ಫೋಟೊ ಮಾಸಿ ಮುಖವೇ ಇಲ್ಲ. ಕಂಡಕ್ಟರು ಕಾರ್ಡು ನೋಡಿದಂತೆ ಮಾಡಿ, ಮಿಷನ್ನಿನ ಗುಂಡಿ ಒತ್ತಿ, ಶೂನ್ಯ ಅಂತ ಅಚ್ಚಾದ ಚೀಟಿ ಹರಿದು ಕೊಡುತ್ತಾರೆ. ಕಾಸಿಲ್ಲದಿದ್ದರೂ ಚೀಟಿ ಕೊಡಲೇಬೇಕು. ಸರ್ಕಾರ ಸಾರಿಗೆ ನಿಗಮಕ್ಕೆ ದುಡ್ಡು ಕಟ್ಟಿಕೊಡುವುದು ಆ ಚೀಟಿಯ ಲೆಕ್ಕದ ಮೇಲೆ. 2023ರ ಜೂನ್ 11ರಂದು ಶುರುವಾದ, ಹೆಂಗಸರಿಗೆ ಪುಕ್ಕಟೆ ಪ್ರಯಾಣದ ಶಕ್ತಿ ಯೋಜನೆಯ ಟಿಕೆಟುಗಳು 2025ರ ಜುಲೈ ಹೊತ್ತಿಗೆ ರಾಜ್ಯದಲ್ಲಿ 500 ಕೋಟಿ ದಾಟಿದವು. ಆ ಅಂಕಿ ಕೇಳಿದರೆ ತಲೆ ತಿರುಗುತ್ತದೆ, ಆದರೆ ಈ ಬಸ್ಸಿನಲ್ಲಿ ಅದು ನುಗ್ಗೆಕಾಯಿ ಕಟ್ಟಿನ ರೂಪದಲ್ಲಿ ಕಾಣಿಸುತ್ತದೆ. ಹಿಂದಿನ ಸೀಟಿನ ಅಜ್ಜಿ ಅದನ್ನು ಮೈಸೂರಿಗೆ ಒಯ್ಯುತ್ತಿದ್ದಾರೆ. "ಇಲ್ಲೇ ಪೇಟೇಲಿ ಕೊಟ್ರೆ ಕೇಳ್ದ ರೇಟ್ಗೆ ಕೊಡ್ಬೇಕು ಕಣಪ್ಪ. ಅಲ್ಲಿ ನಾನ್ ಹೇಳಿದ್ದೇ ರೇಟು. ಮೊದ್ಲಾದ್ರೆ ಬಸ್ ಚಾರ್ಜೇ ತಿಂದಾಕ್ಬುಡೋದು." ಪಕ್ಕದ ಸೀಟಿನ ಗಂಡಸು ನಗಲಿಲ್ಲ. ಅವರ ಟಿಕೆಟಿನ ದರ 2025ರ ಜನವರಿ 5ರಿಂದ ಶೇ 15ರಷ್ಟು ಏರಿದೆ. ಬಸ್ಸು ಅಷ್ಟೇ ಇದ್ದು ಜನ ಎರಡರಷ್ಟಾದರೆ ನಿಂತು ಹೋಗುವವರು ಯಾರು ಅಂತ ಅವರು ಕೇಳುವುದೂ ನ್ಯಾಯವೇ.

ನಗರ ಎಲ್ಲಿಯವರೆಗೆ ಬೆಳೆಯುತ್ತದೆ ಅನ್ನುವುದನ್ನು ನಾವು ಸಾಮಾನ್ಯವಾಗಿ ನಕ್ಷೆ ನೋಡಿ ಹೇಳುತ್ತೇವೆ. ಬೂಕನಕೆರೆಯ ಸ್ಟಾಪಿನಲ್ಲಿ ನಿಂತರೆ ಲೆಕ್ಕ ಬೇರೆ. ಬೆಳಗ್ಗೆ ಹತ್ತಿ ರಾತ್ರಿ ಊಟದ ಹೊತ್ತಿಗೆ ಮನೆಗೆ ಬಂದು ಸೇರಬಹುದಾದ ಊರೆಲ್ಲ ಮೈಸೂರಿನ ಬಡಾವಣೆಯೇ, ನಡುವೆ ಎಷ್ಟು ಗದ್ದೆ ಇದ್ದರೂ. ಮನೆ ಇಲ್ಲಿ, ದನ ಇಲ್ಲಿ, ಓಟು ಇಲ್ಲಿ, ದುಡಿಮೆ ಅಲ್ಲಿ. ಈ ಬಸ್ಸು ನಿಂತರೆ ಇವರಲ್ಲಿ ಅರ್ಧ ಜನ ಮೈಸೂರಿನ ಅಂಚಿನಲ್ಲಿ ಎಲ್ಲೋ ಶೀಟಿನ ಮನೆ ಹಿಡಿಯಬೇಕಾಗುತ್ತದೆ. ಊರನ್ನು ಊರಾಗಿ ಉಳಿಸಿರುವುದು ಬಸ್ಸು.

ಈ ಕೆಂಪು ಬಸ್ಸಿನ ಹುಟ್ಟು ಸ್ವಾತಂತ್ರ್ಯ ಬಂದ ಮರುವರ್ಷದ್ದು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರ ತನ್ನದೇ ರಸ್ತೆ ಸಾರಿಗೆ ಇಲಾಖೆ ತೆರೆದಾಗ ಇದ್ದದ್ದು 120 ಬಸ್ಸು. 1961ರಲ್ಲಿ ಅದು ನಿಗಮವಾಯಿತು. ಲಾಭವಾಗದ ದಾರಿಯಲ್ಲೂ ಬಸ್ಸು ಓಡಬೇಕು, ಲಾಭದ ದಾರಿ ಅದರ ಖರ್ಚು ಹೊರಬೇಕು ಅನ್ನುವುದು ಇಂಥ ಸರ್ಕಾರಿ ಸಾರಿಗೆಯ ಹಿಂದಿನ ಲೆಕ್ಕಾಚಾರ. ನಷ್ಟ ಅನ್ನುವ ಪದ ವಿಧಾನಸೌಧದಲ್ಲಿ ಕೇಳಿದಾಗಲೆಲ್ಲ ನನಗೆ ಇಂಥ ಹೋಬಳಿ ಸ್ಟಾಪುಗಳೇ ಕಣ್ಣಿಗೆ ಬರುತ್ತವೆ.

ಕಿಟಕಿಯ ಹೊರಗೆ, ರಸ್ತೆಯ ಅಂಚಿನಲ್ಲಿ ಒಬ್ಬ ಹುಡುಗ ಹಳೆಯ ಸೈಕಲ್ಲಿನ ಹಿಂದೆ ಹುಲ್ಲಿನ ಹೊರೆ ಕಟ್ಟಿಕೊಂಡು ತಳ್ಳುತ್ತಿದ್ದಾನೆ. ಸೈಕಲ್ಲಿನ ಬಣ್ಣ ಹೋಗಿದ್ದರೂ ಮುಂದಿನ ಬುಟ್ಟಿ ಅದರ ಜಾತಕ ಹೇಳುತ್ತದೆ: ಸ್ಕೂಲಿನಲ್ಲಿ ಕೊಟ್ಟದ್ದು, ಅಕ್ಕನದ್ದಿರಬೇಕು. ಈ ಊರಲ್ಲೇ 1943ರಲ್ಲಿ ಹುಟ್ಟಿ, ಹೊಟ್ಟೆಪಾಡಿಗೆ ಶಿಕಾರಿಪುರಕ್ಕೆ ಹೋಗಿ, ಅಲ್ಲಿಂದ ವಿಧಾನಸೌಧ ಹತ್ತಿದ ಬಿ.ಎಸ್. ಯಡಿಯೂರಪ್ಪನವರು ಉಪಮುಖ್ಯಮಂತ್ರಿಯಾಗಿ ಹಣಕಾಸು ನೋಡಿಕೊಳ್ಳುತ್ತಿದ್ದಾಗ, 2006-07ರಲ್ಲಿ, ಎಂಟನೇ ತರಗತಿಯ ಮಕ್ಕಳಿಗೆ ಪುಕ್ಕಟೆ ಸೈಕಲ್ಲು ಬಂತು. ಮೊದಲು ಹೆಣ್ಣುಮಕ್ಕಳಿಗೆ, ಆಮೇಲೆ ಗಂಡುಮಕ್ಕಳಿಗೂ. ಅದನ್ನು ಶಿಕ್ಷಣದ ಯೋಜನೆ ಅಂತ ಕರೆದರು. ಸಾರಿಗೆ ಯೋಜನೆ ಅಂದಿದ್ದರೂ ತಪ್ಪಿರಲಿಲ್ಲ. ಏಳನೇ ಕ್ಲಾಸಿನ ಸ್ಕೂಲು ಊರಲ್ಲಿ, ಹೈಸ್ಕೂಲು ಮೂರು ನಾಲ್ಕು ಕಿ.ಮೀ. ಆಚೆ, ನಡುವಿನ ಆ ದಾರಿಯಲ್ಲೇ ಎಷ್ಟೋ ಹೆಣ್ಣುಮಕ್ಕಳ ಓದು ನಿಲ್ಲುತ್ತಿತ್ತು. ಕೊರೋನಾ ಬಂದ ಮೇಲೆ ಸೈಕಲ್ಲು ಬರುವುದು ನಿಂತಿತು. ಹಳೆಯವು ಹೀಗೆ ಹುಲ್ಲು ಹೊರುತ್ತ, ಹಾಲಿನ ಕ್ಯಾನು ಹೊರುತ್ತ ಇನ್ನೂ ನಡೆದಿವೆ.

ಚಿನಕುರಳಿ ಕಡೆಗೆ ಬಸ್ಸು ಓಡುತ್ತಿದೆ. ಈಗ ಬೆಳಕು ಹರಿದಿದೆ. ತೆಂಗಿನ ಸಾಲಿನ ಹಿಂದೆ ಭತ್ತದ ಕೂಳೆ, ಕಬ್ಬಿನ ಸೋಗೆ, ಮತ್ತೆ ತೆಂಗು. ಎದುರಿಗೆ ಎರಡೆರಡು ಟ್ರೈಲರ್ ಕಟ್ಟಿಕೊಂಡ ಟ್ರಾಕ್ಟರ್ ಬಂತೆಂದರೆ ಡ್ರೈವರು ಎಡಕ್ಕೆ ಇಳಿಸಿ ಕಾಯುತ್ತಾರೆ. ಸೋಗೆ ಕಿಟಕಿಗೆ ಸವರಿ ಬಸ್ಸಿನೊಳಗೆ ನಾಲ್ಕು ಎಲೆ ಉದುರಿಸಿ ಹೋಗುತ್ತದೆ. ಕೆ.ಆರ್.ಪೇಟೆಯ ಹತ್ತಿರದ ಮಾಕವಳ್ಳಿಯಲ್ಲಿ ಸಕ್ಕರೆ ಕಾರ್ಖಾನೆ ಇದೆ, ಇತ್ತ ಪಾಂಡವಪುರದಲ್ಲಿ ಇನ್ನೊಂದು. ಕಬ್ಬಿಗೆ ಎರಡೂ ಕಡೆ ದಾರಿ ಇದೆ. ರೈಲು ಮಾತ್ರ ಈ ದಾರಿಗೆ ಬರಲೇ ಇಲ್ಲ.

ಅದರ ಕಥೆ ಹಳೆಯದು. ಕೆ.ಆರ್.ಪೇಟೆಗೆ ಅತ್ತಿಕುಪ್ಪೆ ಅಂತ ಹೆಸರಿದ್ದ ಕಾಲದಲ್ಲಿ, 1876ರಿಂದ 78ರವರೆಗಿನ ಆ ಭೀಕರ ಬರದಲ್ಲಿ, ಮೈಸೂರು ಸೀಮೆಯ ಜನ ಲಕ್ಷಗಟ್ಟಲೆ ಸತ್ತರು. ಬದುಕಿದವರಿಗೆ ಕೂಲಿ ಕೊಡಲು ಬೆಂಗಳೂರು-ಮೈಸೂರು ರೈಲು ದಾರಿಯ ಮಣ್ಣಿನ ಕೆಲಸ ಶುರುವಾಯಿತು. ಹಸಿದ ಹೊಟ್ಟೆಗಳೇ ಹೊತ್ತು ಹಾಕಿದ ಆ ಏರಿಯ ಮೇಲೆ 1882ರ ಹೊತ್ತಿಗೆ ಮೀಟರ್ ಗೇಜ್ ರೈಲು ಮೈಸೂರು ಮುಟ್ಟಿತು. ದಾರಿ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದ ಮೇಲೆ ಹೋಯಿತು. ಮಂಡ್ಯ ಆಗ ಏನೂ ಅಲ್ಲ. ಮೇಲುಕೋಟೆಗೆ ದೇವರಿದ್ದ, ನಾಗಮಂಗಲಕ್ಕೆ ಕೋಟೆ ಕೊತ್ತಲ ಕಂಚುಗಾರರಿದ್ದರು. ಮಂಡ್ಯಕ್ಕೆ ಇದ್ದದ್ದು ಸ್ಟೇಷನ್ನು. ಆಮೇಲೆ ಕನ್ನಂಬಾಡಿ ಕಟ್ಟೆ ಎದ್ದು ನಾಲೆಯ ನೀರು ಆ ಕಡೆ ಹರಿಯಿತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಅದೇ ರೈಲಿನ ಪಕ್ಕ ಬಂತು, 1939ರ ಜುಲೈ 1ಕ್ಕೆ ಹೊಸ ಜಿಲ್ಲೆಯಾದಾಗ ಕಚೇರಿಗಳೆಲ್ಲ ಅಲ್ಲಿಗೇ ಹೋದವು. ನೀರು, ಸಕ್ಕರೆ, ರೈಲು ಮೂರೂ ಒಂದೇ ಕಡೆ ಸೇರಿದರೆ ಊರು ಬೆಳೆಯದೆ ಇನ್ನೇನು ಮಾಡೀತು?

ಕೆ.ಆರ್.ಪೇಟೆ ತಾಲ್ಲೂಕಿಗೂ ರೈಲು ಬಂತು, ಆದರೆ ಊರಿಗಲ್ಲ. ಮೈಸೂರಿನಿಂದ ಅರಸೀಕೆರೆಗೆ ಹೋಗುವ ದಾರಿ ತಾಲ್ಲೂಕಿನ ಅಂಚಿನಲ್ಲಿ, ಅಕ್ಕಿಹೆಬ್ಬಾಳು, ಮಂದಗೆರೆಯ ಮೇಲೆ ಹೊಳೆ ಬದಿ ಹಿಡಿದು ಹೋಯಿತು. ಪೇಟೆಯವರಿಗೆ ಅದು ಮಾವನ ಮನೆ ಪಕ್ಕದ ಊರಿನ ಜಾತ್ರೆ. ನಾಗಮಂಗಲ ತಾಲ್ಲೂಕಿಗಂತೂ ಬೆಂಗಳೂರು-ಹಾಸನ ರೈಲು ಬಂದದ್ದು 2017ರಲ್ಲಿ, ಅದೂ ಬೆಳ್ಳೂರಿನ ಕಡೆಗೆ. ನಡುವಿನ ದಶಕಗಳಲ್ಲಿ ಈ ಸೀಮೆಯ ಹುಡುಗರು ಮೊದಲು ಬಸ್ಸು ಹತ್ತಿ, ಆಮೇಲೆ ರೈಲು ಹತ್ತಿ ದೂರ ಹೋದರು. ಬೊಂಬಾಯಿಗೆ ಕೆ.ಆರ್.ಪೇಟೆ ಕಡೆಯಿಂದ ಹೋದಷ್ಟು ಜನ ಹಳೇ ಮೈಸೂರಿನ ಬೇರೆ ಕಡೆಯಿಂದ ಹೋದದ್ದು ಕಡಿಮೆ. ಹೋಟೆಲು, ಟ್ಯಾಕ್ಸಿ, ಸಣ್ಣ ಕಂಪನಿ ಕೆಲಸ. 2020ರ ಮೇ ತಿಂಗಳಲ್ಲಿ ಲಾಕ್‌ಡೌನಿನ ನಡುವೆ ಅವರೆಲ್ಲ ಒಟ್ಟಿಗೆ ಊರಿಗೆ ಮರಳಿದಾಗಲೇ ಎಷ್ಟು ಜನ ಅಲ್ಲಿದ್ದರು ಅಂತ ಜಿಲ್ಲೆಗೆ ಗೊತ್ತಾದದ್ದು.

ಪಾಂಡವಪುರ ತಾಲ್ಲೂಕಿಗೆ ಬಂದರೆ ರಸ್ತೆಗೆ ನಾಲೆಗಳ ಸಹವಾಸ. ನೀರು ಬಿಟ್ಟ ಕಾಲದಲ್ಲಿ ವಿಶ್ವೇಶ್ವರಯ್ಯ ನಾಲೆ ದಡ ತುಂಬಿ ಹರಿಯುತ್ತದೆ. ಬಟ್ಟೆ ಒಗೆಯುವವರು, ಎಮ್ಮೆ ತೊಳೆಯುವವರು, ಈಜು ಬೀಳುವ ಹುಡುಗರು. ನೋಡಲು ಸೊಗಸು. ಈ ನಾಲೆಯ ದಂಡೆಯನ್ನೇ ರಸ್ತೆಯಾಗಿ ಬಳಸುವ ಹಳ್ಳಿಗಳು ಎಷ್ಟೋ ಇವೆ. 2018ರ ನವೆಂಬರ್ 24ರ ಮಧ್ಯಾಹ್ನ, ಕನಗನಮರಡಿಯಲ್ಲಿ, ಮಂಡ್ಯಕ್ಕೆ ಹೋಗುತ್ತಿದ್ದ ಖಾಸಗಿ ಬಸ್ಸೊಂದು ಇದೇ ನಾಲೆಗೆ ಮಗುಚಿ 30 ಜನ ಸತ್ತರು. ಶನಿವಾರ; ಬೆಳಗಿನ ಸ್ಕೂಲು ಮುಗಿಸಿ ಮನೆಗೆ ಹೊರಟ ಮಕ್ಕಳು ಅದರಲ್ಲಿದ್ದರು. ತಡೆಗೋಡೆ ಇರಲಿಲ್ಲ. ಈ ಬಸ್ಸಿನಲ್ಲಿ ಅದರ ಮಾತು ಯಾರೂ ಎತ್ತುವುದಿಲ್ಲ. ನಾಲೆ ಕಂಡಾಗ ಕಿಟಕಿ ಪಕ್ಕದ ತಾಯಿ ಮಗುವನ್ನು ಒಳಗಿನ ಸೀಟಿಗೆ ಸರಿಸಿ ತಾನು ಈಚೆ ಕೂತಳು.

ಕುಂತಿಬೆಟ್ಟದ ಎರಡು ಬಂಡೆ ಎದುರಾದವು ಅಂದರೆ ಪಾಂಡವಪುರ ಬಂತು. ಹೈದರನ ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಇಲ್ಲಿ ಬೀಡು ಬಿಟ್ಟಿದ್ದರು. ಅದಕ್ಕೇ ಬಹಳ ವರ್ಷ ರೈಲ್ವೆಯವರ ಟಿಕೆಟಿನಲ್ಲಿ ಊರಿನ ಹೆಸರು ಫ್ರೆಂಚ್ ರಾಕ್ಸ್. ಸ್ಟೇಷನ್ನು ಊರಿನಿಂದ ಕೆಲವು ಕಿ.ಮೀ. ಆಚೆ. ಬೆಳಗಿನ ಹೊತ್ತು ಅಲ್ಲಿಗೆ ಹೋಗುವ ಆಟೋದಲ್ಲಿ ಡ್ರೈವರ ಎರಡೂ ಪಕ್ಕ ಒಬ್ಬೊಬ್ಬರು ಅಂಟಿಕೊಂಡಿರುತ್ತಾರೆ, ಯಾಕೆಂದರೆ ಬೆಂಗಳೂರಿನ ರೈಲು ಯಾರಿಗೂ ಕಾಯುವುದಿಲ್ಲ. ಚಾಮುಂಡಿ ಎಕ್ಸ್‌ಪ್ರೆಸ್ಸಿನ ಪಾಸಿನವರ ಲೋಕವೇ ಬೇರೆ. ಅವರಿಗೆ ಅವರದ್ದೇ ಬೋಗಿ, ಅವರದ್ದೇ ಸೀಟು, ಅವರದ್ದೇ ಇಸ್ಪೀಟು. ಮಂಡ್ಯ ಮದ್ದೂರುಗಳಲ್ಲಿ ಹತ್ತುವ ಗುಮಾಸ್ತರು, ಟೀಚರುಗಳು, ಬ್ಯಾಂಕಿನವರು ರೈಲಿನಲ್ಲೇ ಬಟಾಣಿ ಬಿಡಿಸಿ, ಸ್ವೆಟರ್ ಹೆಣೆದು, ಮಗಳಿಗೆ ಗಂಡು ನೋಡಿ, ಕೊನೆಗೆ ರಿಟೈರೂ ಆಗುತ್ತಾರೆ. ತಿಂಗಳ ಪಾಸಿನ ದರ ದಿನದ ಟಿಕೆಟಿನ ಪಕ್ಕ ಇಟ್ಟರೆ ತೀರಾ ಅಗ್ಗ. ಮಂಡ್ಯದಲ್ಲಿ ಮನೆ ಕಟ್ಟಿ ಬೆಂಗಳೂರಿನಲ್ಲಿ ಸಂಬಳ ತೆಗೆದುಕೊಳ್ಳುವ ಒಂದಿಡೀ ಪೀಳಿಗೆಯನ್ನು ಸಾಕಿದ್ದು ಆ ಚಿಕ್ಕ ಕಾರ್ಡು. ಅಮೆರಿಕದಲ್ಲಿ 1956ರ ಹೆದ್ದಾರಿ ಕಾನೂನು ಬಂದ ಮೇಲೆ ಊರಾಚೆಗೆ ಹೋಗಿ ಮನೆ ಕಟ್ಟಿದವರಿಗೆ ಕಾರು ಇಲ್ಲದೆ ಹಾಲು ತರಲೂ ಆಗದ ಸ್ಥಿತಿ ಬಂತು. ನಮ್ಮಲ್ಲಿ ಊರಾಚೆ ಉಳಿದವರಿಗೆ ಪಾಸು ಸಾಕಾಯಿತು. ಅಷ್ಟರ ಮಟ್ಟಿಗೆ ನಾವು ಅದೃಷ್ಟವಂತರು, ಅಥವಾ ಬಡವರು.

ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ಕೆಲವು ವರ್ಷ ಬಾಗಿಲು ಹಾಕಿದ್ದು, 2020ರಲ್ಲಿ ಗುತ್ತಿಗೆಗೆ ಹೋದ ಮೇಲೆ ಮತ್ತೆ ಹೊಗೆ ಕಂಡಿತು. ಅದನ್ನು ದಾಟಿ ನಮ್ಮ ಬಸ್ಸು ಶ್ರೀರಂಗಪಟ್ಟಣದ ಕಡೆ ತಿರುಗುತ್ತದೆ.

ಇಲ್ಲಿ ವಸಿ ಇಳಿಯೋಣ. ಮುಂದಿನ ಬಸ್ಸಿಗೆ ಹೋದರಾಯಿತು.

ದಾರಿಗಳು ಊರನ್ನು ಹೇಗೆ ಕಟ್ಟುತ್ತವೆ, ಹೇಗೆ ಕೆಡವುತ್ತವೆ ಅಂತ ತಿಳಿಯಲು ಶ್ರೀರಂಗಪಟ್ಟಣಕ್ಕಿಂತ ಒಳ್ಳೆಯ ಪಾಠಶಾಲೆ ನಮ್ಮಲ್ಲಿಲ್ಲ. ಒಂದು ಕಾಲಕ್ಕೆ ರಾಜ್ಯದ ರಾಜಧಾನಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ದರ್ಬಾರು ಮೈಸೂರಿಗೆ ಹೋಯಿತು, ಊರು ಬರಿದಾಯಿತು. ಪೂರ್ಣಯ್ಯನವರ ಉಸ್ತುವಾರಿಯಲ್ಲಿ 1804ರಲ್ಲಿ ಕಾವೇರಿಗೆ ಕಟ್ಟಿದ ಕಲ್ಲುಕಂಬದ ವೆಲ್ಲೆಸ್ಲಿ ಸೇತುವೆ ಈಗಲೂ ನಿಂತಿದೆ. ರೈಲು ಬಂದಾಗ ಅದು ಕೋಟೆಯನ್ನು ಸುತ್ತಿಕೊಂಡು ಹೋಗಲಿಲ್ಲ, ನೇರ ಕೋಟೆಯೊಳಗೇ ನುಗ್ಗಿತು. ರಂಗನಾಥನ ಗೋಪುರ ಕಿಟಕಿಯಲ್ಲಿ ಕಾಣುತ್ತದೆ, ಭಕ್ತರು ಕೂತಲ್ಲೇ ಕೈ ಮುಗಿಯುತ್ತಾರೆ. ನೂರ ಮೂವತ್ತೈದು ವರ್ಷ ಒಂಟಿ ಹಳಿಯ ಮೇಲೆ ನಡೆದದ್ದು ಜೋಡಿ ಹಳಿಯಾಗುವ ಹೊತ್ತಿಗೆ, ದಾರಿಗೆ ಅಡ್ಡ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದು ನಿಂತಿತ್ತು. ಇಟ್ಟಿಗೆ ಗಾರೆಯ ದಪ್ಪ ಗೋಡೆ, ಭಾರ ಸಾವಿರ ಟನ್ನಿನ ಆಸುಪಾಸು. ಒಡೆಯುವ ಹಾಗಿಲ್ಲ, ಬಿಡುವ ಹಾಗೂ ಇಲ್ಲ. 2017ರ ಮಾರ್ಚಿನಲ್ಲಿ ಅದರ ಬುಡಕ್ಕೆ ಕಬ್ಬಿಣದ ತೊಲೆ ಕೊಟ್ಟು, ಜಾಕಿಯ ಮೇಲೆ ಎತ್ತಿ, ಇಂಚಿಂಚೇ ಸರಿಸಿ ಸುಮಾರು 130 ಮೀಟರ್ ಆಚೆ ಕೂರಿಸಿದರು. ಊರ ಜನ ದಿನವೂ ಬಂದು ನಿಂತು ಎಷ್ಟು ಸರಿಯಿತು ಅಂತ ಕಣ್ಣಳತೆ ಹಾಕಿ ಹೋಗುತ್ತಿದ್ದರು. ಈಗ ಅದರ ಹತ್ತಿರ ಹೋಗಿ ನೋಡಿ: ಗೋಡೆಯ ಬಿರುಕುಗಳು ಮುಚ್ಚಿವೆ, ಸುತ್ತ ಹುಲ್ಲು ಹುಟ್ಟಿದೆ, ಎರಡು ಮೇಕೆ ನೆರಳಿಗೆ ಮಲಗಿವೆ. ರೈಲು ಧಡಧಡ ಹೋದಾಗ ಮೇಕೆಗಳು ಕಿವಿ ಸಹ ಅಲುಗಿಸುವುದಿಲ್ಲ.

ಒಂದು ಹಳೆಯ ಕಟ್ಟಡಕ್ಕೆ ಇಷ್ಟು ಮರ್ಯಾದೆ ಸಿಕ್ಕಿದ್ದು ಸಂತೋಷ. ಊರಾಚೆಯ ದೊಡ್ಡ ರಸ್ತೆ ಅಷ್ಟು ವಿನಯದಿಂದ ಬರಲಿಲ್ಲ. ಬೆಂಗಳೂರು-ಮೈಸೂರು ದಶಪಥ 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಉದ್ಘಾಟನೆಯಾಯಿತು, 118 ಕಿ.ಮೀ., ಸುಮಾರು 8,480 ಕೋಟಿ ರೂಪಾಯಿ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲಕ್ಕೂ ಬೈಪಾಸು. ಒಂದೂವರೆ ಗಂಟೆಯಲ್ಲಿ ಬೆಂಗಳೂರು ಸೇರಬಹುದು ಅನ್ನುವುದು ಸುಳ್ಳಲ್ಲ. ಆದರೆ ಅದೇ ವರ್ಷ, ಮೇಲಿಂದ ಮೇಲೆ ಅಪಘಾತವಾದ ಮೇಲೆ, ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರು, ಎತ್ತಿನಗಾಡಿಗಳು ಮುಖ್ಯ ರಸ್ತೆಗೆ ಹತ್ತುವಂತಿಲ್ಲ ಅಂತಾಯಿತು. ಪ್ರಾಣದ ಲೆಕ್ಕದಲ್ಲಿ ಅದು ಸರಿಯಾದ ತೀರ್ಮಾನವೇ. ಆದರೂ ಗಣಂಗೂರಿನ ಟೋಲ್ ಹತ್ತಿರ ಬೇಲಿಯ ಈಚೆ ಸ್ವಲ್ಪ ಹೊತ್ತು ನಿಂತು ನೋಡಿದರೆ ಇನ್ನೊಂದು ಕಾಣುತ್ತದೆ. ಬೇಲಿಯ ಆ ಕಡೆ ಕಾರುಗಳು ಸುಯ್ಯೆಂದು ಹೋಗುತ್ತವೆ, ಒಂದರ ಮುಖವೂ ಕಾಣುವುದಿಲ್ಲ. ಈ ಕಡೆ ಸರ್ವಿಸ್ ರಸ್ತೆಯಲ್ಲಿ, ಯಾರ ಗದ್ದೆ ಬಿಟ್ಟುಕೊಟ್ಟು ಆ ರಸ್ತೆಯಾಯಿತೋ ಅವರ ಟ್ರಾಕ್ಟರು, ಅವರ ಬೈಕು, ಅವರ ಹುಲ್ಲಿನ ಗಾಡಿ. ಆಚೆಯ ತೋಟಕ್ಕೆ ನೀರು ಕಟ್ಟಲು ಹೋಗುವವರು ಗುದ್ದಲಿ ಹೆಗಲ ಮೇಲಿಟ್ಟುಕೊಂಡು ಅಂಡರ್‌ಪಾಸು ಹುಡುಕುತ್ತಾರೆ.

ಮದ್ದೂರಿನ ವಡೆಯ ವಿಷಯ ನೋಡಿ. 1917ರಲ್ಲಿ ಅದು ಹುಟ್ಟಿದ್ದೇ ರೈಲ್ವೆ ಸ್ಟೇಷನ್ನಿನಲ್ಲಿ ಅನ್ನುತ್ತಾರೆ. ರೈಲು ನಿಲ್ಲುವ ಆ ಐದು ಹತ್ತು ನಿಮಿಷಕ್ಕೆಂದು ಮಾಡಿದ ತಿಂಡಿ. ಬಸ್ಸು ಕಾರು ಹೆಚ್ಚಾದ ಮೇಲೆ ವಡೆ ಹೆದ್ದಾರಿಗೆ ಬಂತು, ದೊಡ್ಡ ಹೋಟೆಲಾಯಿತು. ಬೈಪಾಸಾದ ಮೇಲೆ ಹಳೆಯ ರಸ್ತೆಯ ಹೋಟೆಲುಗಳ ಮುಂದೆ ಪಾರ್ಕಿಂಗ್ ಮಾಡುವ ಹುಡುಗನಿಗೆ ಸೀಟಿ ಊದುವ ಕೆಲಸವಿಲ್ಲದಾಯಿತು. ಚನ್ನಪಟ್ಟಣದ ಬೊಂಬೆ ಅಂಗಡಿಗಳಲ್ಲೂ ಅದೇ ಮಾತು: ಗಾಡಿಗಳು ಕಡಿಮೆಯಾಗಿಲ್ಲ, ನಿಲ್ಲುವುದು ಕಡಿಮೆಯಾಗಿದೆ. ಊರು ಬೆಳೆಯುವುದು ರಸ್ತೆ ಹಾದುಹೋದದ್ದಕ್ಕಲ್ಲ, ಅದರ ಮೇಲೆ ಹೋಗುವವರು ಇಳಿದದ್ದಕ್ಕೆ. ರಸ್ತೆಯ ಯೋಜನೆ ಮಾಡುವವರು ಅಗಲ, ವೇಗ, ಖರ್ಚು ಎಲ್ಲವನ್ನೂ ಅಳೆಯುತ್ತಾರೆ. ನಿಲುಗಡೆಯನ್ನು ಅಳೆಯುವ ಪಟ್ಟಿ ಅವರ ಕೈಯಲ್ಲಿ ಇದ್ದ ಹಾಗಿಲ್ಲ.

ಮತ್ತೆ ಬಸ್ಸು ಹತ್ತೋಣ. ಮೈಸೂರು ಹತ್ತಿರವಾದಂತೆ ಕಿಟಕಿಯ ಹೊರಗಿನ ಬೋರ್ಡುಗಳ ಭಾಷೆ ಬದಲಾಗುತ್ತದೆ: ಗೊಬ್ಬರ, ಔಷಧಿ, ಪಂಪ್‌ಸೆಟ್ ಹೋಗಿ ಗ್ರಾನೈಟು, ಮಾಡ್ಯುಲರ್ ಕಿಚನ್ನು, ಸೈಟುಗಳಿವೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಪ್ಲೇಗು ಬಂದು ಒತ್ತೊತ್ತಿನ ಬೀದಿಗಳು ಬೆದರಿದ ಮೇಲೆ, ಮೈಸೂರಿನಲ್ಲಿ 1903ರಲ್ಲಿ ನಗರ ಸುಧಾರಣಾ ಟ್ರಸ್ಟ್ ಬೋರ್ಡ್ ಹುಟ್ಟಿತು. ಗಾಳಿ ಬೆಳಕಿನ ಹೊಸ ಮೊಹಲ್ಲಾಗಳು ಬಂದವು. ಅವುಗಳ ಅಳತೆ ಜಟಕಾ ಗಾಡಿಯದ್ದು. ಅರಮನೆಯಿಂದ ಕುದುರೆ ಬೆವರದೆ ಹೋಗಿ ಬರುವಷ್ಟು ದೂರ. ವಾಣಿವಿಲಾಸ ಮೊಹಲ್ಲಾದ ಬೀದಿಗಳಲ್ಲಿ ಇವತ್ತೂ ನಡೆಯುವುದು ಹಿತ, ಯಾಕೆಂದರೆ ಅವುಗಳನ್ನು ಹಾಕಿದ್ದೇ ನಡೆಯುವವರಿಗೆ. ಆಮೇಲೆ ಸೈಕಲ್ಲಿನ ಕಾಲ. ಯಾದವಗಿರಿಯಲ್ಲಿ ಜಾವಾ, ಯೆಜ್ಡಿ ಬೈಕುಗಳು ತಯಾರಾಗುತ್ತಿದ್ದ ಕಾಲಕ್ಕೆ ಊರು ಇನ್ನಷ್ಟು ಉದ್ದವಾಯಿತು. ಕೆ.ಆರ್.ಎಸ್. ರಸ್ತೆಯ ಗುಂಟ ಮೇಟಗಳ್ಳಿ, ಹೆಬ್ಬಾಳು, ಹೂಟಗಳ್ಳಿಗಳಲ್ಲಿ ಕಾರ್ಖಾನೆಗಳು ಎದ್ದವು. ಬೂಕನಕೆರೆಯಲ್ಲಿ ಹತ್ತಿದ ಆ ಒದ್ದೆ ತಲೆಯ ಹುಡುಗರು ಹೋಗುವುದು ಅಲ್ಲಿಗೇ. 40 ಕಿ.ಮೀ.ಗೂ ಉದ್ದದ ಹೊರ ವರ್ತುಲ ರಸ್ತೆ ಬಂದ ಮೇಲಂತೂ ಊರಿಗೆ ಅಂಚೇ ಸಿಗದು. ಹೂಟಗಳ್ಳಿ, ಹಿನಕಲ್, ಕೂರ್ಗಳ್ಳಿ, ಬೆಳವಾಡಿಗಳು ಸೇರಿ 2020ರಲ್ಲಿ ತಾವೇ ಒಂದು ನಗರಸಭೆಯಾದವು. ಊರ ಬಾವಿ, ಮಾರಿಗುಡಿ, ಅರಳಿಕಟ್ಟೆ ಹಾಗೇ ಇವೆ. ಕಟ್ಟೆಯ ಮೇಲೆ ಕೂತವರು ಮಾತ್ರ ಗುಂಟೆಯ ಲೆಕ್ಕ ಬಿಟ್ಟು ಚದರಡಿ ಲೆಕ್ಕ ಆಡುತ್ತಾರೆ.

ಬೆಂಗಳೂರಿಗೆ ಹೋದವರ ಕಥೆಯಲ್ಲೂ ಬಸ್ಸಿನ ಕೈವಾಡವಿದೆ. ಕೆ.ಆರ್.ಪೇಟೆ, ನಾಗಮಂಗಲ, ಪಾಂಡವಪುರದವರ ಮನೆ ಹುಡುಕಿಕೊಂಡು ಹೋಗಿ: ಕೆಂಗೇರಿ, ನಾಗರಬಾವಿ, ಸುಂಕದಕಟ್ಟೆ, ಲಗ್ಗೆರೆ. ಎಲ್ಲವೂ ಪಡುವಣ ದಿಕ್ಕಿಗೆ. ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣಕ್ಕೋ, ಕುಣಿಗಲ್ ಕಡೆಯ ಬಸ್ಸು ಹಾದುಹೋಗುವ ದಾರಿಗೋ ಹತ್ತಿರ. ಊರಲ್ಲಿ ಯಾರಾದರೂ ಹೋಗಿಬಿಟ್ಟರು ಅಂತ ರಾತ್ರಿ ಫೋನು ಬಂದರೆ ಒಂದೇ ಬಸ್ಸಿಗೆ ಹತ್ತಬಹುದು, ಅಕ್ಕಿ ರಾಗಿ ಮೂಟೆ ಬಂದರೆ ಇಳಿಸಿಕೊಳ್ಳಬಹುದು. ಸೈಟಿನ ವಾಸ್ತು ನೋಡುವ ಮೊದಲು ಇದನ್ನೇ ನೋಡಿದ್ದು. 2021ರ ಆಗಸ್ಟಿನಲ್ಲಿ ಮೆಟ್ರೋ ಕೆಂಗೇರಿಗೆ ಬಂದಾಗ, ಮೂವತ್ತು ವರ್ಷದ ಹಿಂದೆ ಹಳ್ಳಿಯ ಬಸ್ಸಿಗಾಗಿ ಅಲ್ಲಿ ನೆಲೆ ನಿಂತವರು ಇದ್ದಕ್ಕಿದ್ದಂತೆ ಸಾಹುಕಾರರಾಗಿದ್ದರು.

ಭಾನುವಾರ ಅವರೆಲ್ಲ ಕಾರು ಮಾಡಿಕೊಂಡು ಇತ್ತ ಬರುತ್ತಾರೆ. ಬೂಕನಕೆರೆ ಹೋಬಳಿಯಲ್ಲೇ, ಕನ್ನಂಬಾಡಿ ಕಟ್ಟೆಯ ಹಿನ್ನೀರು ಬಂದು ತಾಗುವ ಕಲ್ಲಹಳ್ಳಿಯಲ್ಲಿ ಭೂವರಾಹನಾಥಸ್ವಾಮಿ ಇದ್ದಾನೆ. ಒಂದೇ ಕಲ್ಲಿನಲ್ಲಿ ಆಳೆರಡನ್ನೂ ಮೀರಿದ ಎತ್ತರದ ವರಾಹ, ಎಡದ ತೊಡೆಯ ಮೇಲೆ ಭೂದೇವಿ. ಭೂಮಿಯನ್ನು ಎತ್ತಿದ ದೇವರಾದ್ದರಿಂದ ಸೈಟು, ಮನೆ, ಜಮೀನಿನ ವ್ಯಾಜ್ಯ ಎಲ್ಲವೂ ಇವನ ಇಲಾಖೆ. ಜನ ಕೈಯಲ್ಲಿ ಇಟ್ಟಿಗೆ ಹಿಡಿದು, ತಮ್ಮ ಜಾಗದ ಮಣ್ಣನ್ನು ಕವರಿನಲ್ಲಿ ಕಟ್ಟಿಕೊಂಡು ಸಾಲು ನಿಲ್ಲುತ್ತಾರೆ. ಹೊಳೆ ಗಾಳಿ, ಕರ್ಪೂರ, ಹುರಿದ ಕಡಲೆಕಾಯಿ, ಬಿಸಿಯಾದ ಡಾಂಬರು. ಕಡ್ಲೆಪುರಿ ಅಂಗಡಿಯ ಪಕ್ಕ ಮೇಜು ಹಾಕಿಕೊಂಡು ಕುಳಿತವನೊಬ್ಬ ಬಡಾವಣೆಯ ಬಣ್ಣದ ಕಾಗದ ಹಂಚುತ್ತಿದ್ದಾನೆ. ದೇವರ ಹತ್ತಿರ ಕೇಳಿ ಬಂದವರು ತನ್ನ ಹತ್ತಿರ ಕೊಳ್ಳಲಿ ಅಂತ. ಕಾಗದದಲ್ಲಿ ಪಾರ್ಕು, ಈಜುಕೊಳ, ರಿಂಗ್ ರಸ್ತೆಗೆ ಹತ್ತೇ ನಿಮಿಷ.

ಬೆಂಗಳೂರಿನಿಂದ ಬಂದ ಮಗ ಅದನ್ನು ಬಿಡಿಸಿ ಅಮ್ಮನಿಗೆ ತೋರಿಸಿದ. ಆಕೆ ಕನ್ನಡಕ ಹಾಕಿಕೊಂಡು ಎರಡೂ ಬದಿ ತಿರುಗಿಸಿ ನೋಡಿದರು. ತಲೆಯಲ್ಲಿ ಇನ್ನೂ ಗುಡಿಯ ತುಳಸಿ.

"ಇಲ್ಲಿ ಬಸ್ ನಿಲ್ತದೇನಪ್ಪ?"

"ಕಾರದಲ್ಲಮ್ಮ."

"ಕಾರ್ನ ನೀನು ಆಫೀಸ್ಗೆ ತಕ್ಕೊಂಡ್ ಹೋದ್ಮೇಲೆ?"

ಮೇಜಿನವನು ನಡುವೆ ಬಾಯಿ ಹಾಕಿದ. "ಬಸ್ಸು ಮುಂದಕ್ಕೆ ಬತ್ತದೆ ಕಣಮ್ಮ. ಮೊದ್ಲು ಜನ ಬರ್ಬೇಕಲ್ವಾ?"

"ಬಸ್ಸೇ ಇಲ್ದೆ ಜನ ಹೆಂಗಪ್ಪ ಬಂದಾರು?" ಅಂದ ಆಕೆ ಕಾಗದ ಮಡಚಿ, ಅದರಲ್ಲೇ ಪ್ರಸಾದದ ಪುಳಿಯೋಗರೆ ಕಟ್ಟಿಕೊಂಡರು. ಮಗ ಇನ್ನೊಂದು ಕಾಗದ ಎತ್ತಿಕೊಂಡು, ಅಡ್ವಾನ್ಸು ಎಷ್ಟು ಕೊಡಬೇಕಾಗುತ್ತೆ ಅಂತ ಕೇಳಿದ.